ಮುಟ್ಟು ನಿಂತ ಮೇಲೆ

ಥೆರಪಿಸ್ಟ್ ಬಳಿಗೆ ಹೋಗುವ ಮಂಗಳವಾರಗಳಂದು ನಾನು ತಲೆಗೆ ಸ್ನಾನ ಮಾಡಿ, ಏನೂ ತಿನ್ನದೆ ಹೊರಡುತ್ತಿದ್ದೆ. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಮೂರನೆಯ ತಿಂಗಳಲ್ಲಿ ಒಂದು ದಿನ ನನ್ನ ಹೊಟ್ಟೆ ಗುರುಗುಟ್ಟಿದ್ದು ಅವರಿಗೆ ಕೇಳಿಸಿತು. ತಿಂಡಿ ಆಗಲಿಲ್ಲವೇ ಎಂದರು. ಇಲ್ಲಿಗೆ ಬರುವ ಮೊದಲು ತಿನ್ನುವುದಿಲ್ಲ ಎಂದೆ. ಅವರು ಪೆನ್ನು ಕೆಳಗಿಟ್ಟರು. ದೇವರ ಭಯದಿಂದ ಬಿಡಿಸಿಕೊಳ್ಳಲು ಬಂದವಳು ಆ ಬಿಡುಗಡೆಯನ್ನೂ ಒಂದು ವ್ರತ ಮಾಡಿಕೊಂಡಿದ್ದೆ. ಆವತ್ತು ಇಬ್ಬರೂ ನಕ್ಕೆವು. ಈಗ ನೆನೆದರೆ ನಗು ಬರುವುದಿಲ್ಲ.

ನಮ್ಮ ಮನೆ ಇರುವುದು ಡೆಟ್ರಾಯಿಟ್ ಪಕ್ಕದ ಕ್ಯಾಂಟನ್‌ನಲ್ಲಿ. ಗಂಡನಿಗೆ ಆಬರ್ನ್ ಹಿಲ್ಸ್‌ನಲ್ಲಿ ಕಾರು ಕಂಪನಿಯ ಕೆಲಸ. ಥೆರಪಿಸ್ಟ್ ಇರುವುದು ಹದಿನೈದು ಮೈಲಿ ಆಚೆ, ಒಂದು ಹಲ್ಲಿನ ಆಸ್ಪತ್ರೆಯ ಮೇಲ್ಮಹಡಿಯಲ್ಲಿ. ಧರ್ಮದ ಹೆಸರಿನಲ್ಲಿ ಪೆಟ್ಟು ತಿಂದ ಹೆಂಗಸರನ್ನು ಮಾತ್ರ ನೋಡುತ್ತಾರೆ. ಹೆಚ್ಚಿನವರು ಕಟ್ಟುನಿಟ್ಟಿನ ಚರ್ಚಿನ ಮನೆಗಳಿಂದ ಬಂದವರು, ನರಕದ ಬೆಂಕಿಗೆ ಹೆದರಿ ಬೆಳೆದವರು. ನನ್ನ ಭಯಕ್ಕೆ ಅಷ್ಟೆಲ್ಲ ದೊಡ್ಡಸ್ತಿಕೆ ಇರಲಿಲ್ಲ. ನನ್ನದು ಒಂದು ಉದ್ಧರಣೆ ತೀರ್ಥದ ಭಯ.

ಮೈಸೂರಿನಲ್ಲಿ, ನನ್ನ ಹದಿಮೂರನೆಯ ವರ್ಷದಲ್ಲಿ, ಗೌರಿ ಹಬ್ಬದ ಬೆಳಿಗ್ಗೆಯೇ ಮುಟ್ಟಾದೆ. ಹೇಳಿದರೆ ಮೂರು ದಿನ ಹಿತ್ತಲ ಕೋಣೆ. ಹೊಸ ಲಂಗ, ಬಾಗಿನ, ಹೋಳಿಗೆ ಎಲ್ಲಕ್ಕೂ ಕಲ್ಲು ಬೀಳುತ್ತಿತ್ತು. ಹೇಳಲಿಲ್ಲ. ಪೂಜೆಗೆ ಕೂತೆ, ಅಪ್ಪನ ಅಂಗೈಗೆ ತೀರ್ಥ ಹಾಕಿದೆ. ಅವರು ಕುಡಿದು, ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡರು. ಎರಡು ವಾರ ಕಳೆದ ಮೇಲೆ ಬ್ಯಾಂಕಿನಲ್ಲಿ, ಕೂತ ಕುರ್ಚಿಯಲ್ಲೇ, ಅಪ್ಪನ ಎದೆ ನಿಂತುಹೋಯಿತು. ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅಮ್ಮನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಬೈಸಿಕೊಂಡರೆ ಹಗುರವಾಗುತ್ತದೆ ಎಂದುಕೊಂಡಿದ್ದೆ. ಅಮ್ಮ ಬೈಯಲಿಲ್ಲ. "ನೀನು ಮುಟ್ಟಿದ್ಯಾ?" ಎಂದು ಒಂದೇ ಸಲ ಕೇಳಿ, ಹಿಂಡಿದ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಒಳಗೆ ಹೋದಳು. ಸಾಯುವವರೆಗೂ ಆ ವಿಷಯ ಮತ್ತೆ ಎತ್ತಲಿಲ್ಲ, ನನ್ನ ಕೈಯಿಂದ ತೀರ್ಥವನ್ನೂ ತೆಗೆದುಕೊಳ್ಳಲಿಲ್ಲ.

ನನ್ನ ಮಗಳು, ಒಬ್ಬಳೇ ಮಗಳು, ಹುಟ್ಟಿದ್ದು ಇಲ್ಲೇ. ಹನ್ನೆರಡಕ್ಕೆ ದೊಡ್ಡವಳಾದಳು. ಒಂದೇ ಅಚ್ಚಿನ ಮನೆಗಳ ಸಬ್‌ಡಿವಿಷನ್ನಿನಲ್ಲಿ ಹಿತ್ತಲ ಕೋಣೆ ಎಲ್ಲಿಂದ ಬರಬೇಕು? ಬೇಸ್‌ಮೆಂಟ್ ಇತ್ತು. ಟ್ರೆಡ್‌ಮಿಲ್ ಪಕ್ಕದಲ್ಲಿ ಒಂದು ಸ್ಲೀಪಿಂಗ್ ಬ್ಯಾಗ್, ಬೇರೆ ತಟ್ಟೆ, ಬೇರೆ ಲೋಟ. ಸ್ಕೂಲ್ ಬಸ್ ಹತ್ತಬಹುದು, ಅಡಿಗೆಮನೆಗೆ ಕಾಲಿಡಬಾರದು. ನಾನು ಕೆಟ್ಟ ತಾಯಿಯಾಗಿರಲಿಲ್ಲ ಎಂದು ಹೇಳಿಕೊಳ್ಳುವ ಆಸೆ ಈಗಲೂ ಆಗುತ್ತದೆ. ಅವಳಿಗೆ ಇಷ್ಟದ ಪುಳಿಯೋಗರೆ ಮಾಡಿ ಕೆಳಗೆ ಕೊಡುತ್ತಿದ್ದೆ, ಹೀಟರ್ ಇಡುತ್ತಿದ್ದೆ. ಗಂಡ "ಇದೆಲ್ಲ ಯಾಕೆ, ಈ ಕಾಲ್ದಲ್ಲಿ?" ಎನ್ನುತ್ತಿದ್ದರು, ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ಒಂದು ದಿನವಾದರೂ ಆ ಮೆಟ್ಟಿಲಿಳಿದು ಅವಳನ್ನು ಮೇಲೆ ಕರೆತಂದವರಲ್ಲ. ನನ್ನ ಮೇಲಿನಷ್ಟೇ ಸಿಟ್ಟು ನನಗೆ ಅವರ ಮೇಲೂ ಇದೆ.

ಅವಳಿಗೆ ಹದಿನಾರಾದಾಗ ಅವರಿಗೆ ಎದೆನೋವು ಬಂತು. ಸ್ಟೆಂಟ್ ಹಾಕಿದರು, ಉಳಿದುಕೊಂಡರು. ಆಸ್ಪತ್ರೆಯಿಂದ ಬಟ್ಟೆ ಒಯ್ಯಲು ಮನೆಗೆ ಬಂದರೆ ದೇವರ ಮುಂದೆ ದೀಪ ಉರಿಯುತ್ತಿದೆ. ಅವಳಿಗೆ ಅದು ಎರಡನೆಯ ದಿನ. ಒಬ್ಬಳೇ ಇದ್ದಳು, ಅಪ್ಪನಿಗೋಸ್ಕರ ಹಚ್ಚಿದ್ದಳು. ನನ್ನನ್ನು ಕಂಡು ಓಡಿಬಂದವಳಿಗೆ ನಾನು ಕೇಳಿದ್ದು: "ನೀನು ಮುಟ್ಟಿದ್ಯಾ?" ನೋವು ಬಂದ ಮೇಲೆ ಹಚ್ಚಿದ ದೀಪ ಆ ನೋವನ್ನು ತಂದದ್ದು ಹೇಗೆ ಎಂಬ ಸರಳ ಪ್ರಶ್ನೆ ನನಗೆ ಹೊಳೆಯಲಿಲ್ಲ. ಹೊಳೆದರೂ ಪ್ರಯೋಜನವಿರಲಿಲ್ಲ. ಆಮೇಲೆ ಕಾಲೇಜಿನಿಂದ ಫೋನ್ ಮಾಡಿದಾಗ ಹಿಂದೆ ಅಪ್ಪ ಕೆಮ್ಮುವುದು ಕೇಳಿಸಿದರೆ ಅವಳು ಅಳತೊಡಗುತ್ತಿದ್ದಳು. ಸಾರಿ ಅಮ್ಮ, ಸಾರಿ ಅಮ್ಮ ಎನ್ನುತ್ತಿದ್ದಳು.

ಇಪ್ಪತ್ತನಾಲ್ಕಕ್ಕೆ ಸಾರಿ ಹೇಳುವುದನ್ನು ಬಿಟ್ಟಳು, ಫೋನನ್ನೂ ಬಿಟ್ಟಳು. ಶಿಕಾಗೋ ಹತ್ತಿರದ ವೆಸ್ಟ್‌ಮಂಟ್‌ನಲ್ಲಿ ಮನೆ ಮಾಡಿದಳು, ಇಲ್ಲಿಯ ಹುಡುಗನನ್ನೇ ಮದುವೆಯಾದಳು. ನಾಲ್ಕು ವರ್ಷ ನಮ್ಮ ಕಡೆ ತಲೆ ಹಾಕಲಿಲ್ಲ. ನಾನು ಕಳಿಸಿದ ಚಕ್ಕುಲಿ ಪಾರ್ಸೆಲ್ ಹಾಗೇ ವಾಪಸ್ ಬಂತು. ಕೊನೆಗೆ ಒಂದು ಮೆಸೇಜ್ ಕಳಿಸಿದಳು. ನಾನು ಮೂರು ವರ್ಷದಿಂದ ಥೆರಪಿಗೆ ಹೋಗುತ್ತಿದ್ದೇನೆ, ಈಗ ನಿನ್ನ ಸರದಿ, ನೀನು ನಿಜವಾಗಿ ಬದಲಾದರೆ ಮನೆಗೆ ಬರುತ್ತೇನೆ ಎಂದು ಬರೆದಿದ್ದಳು. ನಾನು ಹೋದದ್ದು ಅದಕ್ಕೆ. ನನ್ನ ಗಾಯ ಮಾಯಲಿ ಎಂದಲ್ಲ, ಮಗಳು ಬಾಗಿಲೊಳಗೆ ಬರಲಿ ಎಂದು.

ಒಂದೂವರೆ ವರ್ಷ ಒಂದು ವಾರವೂ ತಪ್ಪಿಸಲಿಲ್ಲ. ಅಪ್ಪನದು ಹೃದಯದ ಕಾಯಿಲೆ, ಹದಿಮೂರರ ಹುಡುಗಿಯ ಕೈ ಯಾರನ್ನೂ ಕೊಲ್ಲುವುದಿಲ್ಲ ಎಂದು ನನ್ನ ಬಾಯಲ್ಲೇ ಹೇಳಿಸಿದರು. ಹೇಳಿ ಗಟ್ಟಿಯಾಗಿ ಅತ್ತೆ. ಮಗಳೂ ವೀಡಿಯೊದಲ್ಲಿ ಸೇರಿಕೊಳ್ಳತೊಡಗಿದಳು. ಮೊದಲು ಕ್ಯಾಮೆರಾ ಆರಿಸಿಕೊಂಡು, ಆಮೇಲೆ ಮುಖ ತೋರಿಸಿ. ಥೆರಪಿಸ್ಟ್ ಒಂದು ಹೋಮ್‌ವರ್ಕ್ ಕೊಟ್ಟರು: ಮುಂದಿನ ಸಲ ಮುಟ್ಟಾದಾಗ ದೇವರ ಮನೆಯಲ್ಲಿ ದೀಪ ಹಚ್ಚಿ ಹತ್ತು ನಿಮಿಷ ಕೂತುಬನ್ನಿ, ಏನೂ ಆಗುವುದಿಲ್ಲ ಎಂದು ನಿಮ್ಮ ಮೈಗೆ ತಿಳಿಯಲಿ. ಮೊದಲ ತಿಂಗಳು ನೆಗಡಿ ಎಂದೆ. ಎರಡನೆಯ ತಿಂಗಳು ಏಕಾದಶಿ ಅಡ್ಡ ಬಂತು. ಮೂರನೆಯ ಸಲ ಮನಸ್ಸು ಗಟ್ಟಿ ಮಾಡಿ, ಬತ್ತಿ ಹೊಸೆದಿಟ್ಟು ಕಾದೆ. ಬರಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಕಾದರೂ ಬರಲಿಲ್ಲ. ಐವತ್ತೆರಡು ವರ್ಷ, ನಿಂತುಹೋಗಿದೆ ಎಂದರು ಡಾಕ್ಟರು. ಜೀವಮಾನವೆಲ್ಲ ಹೆದರಿದ್ದು ನಾನು ಎದುರಿಸುವ ಮೊದಲೇ ಎದ್ದುಹೋಗಿತ್ತು. ಕಾರಿನಲ್ಲಿ ಕೂತು ಸ್ಟೀರಿಂಗ್ ಹಿಡಿದುಕೊಂಡು ಅತ್ತೆ.

ನಮ್ಮಲ್ಲಿ ಮುಟ್ಟು ನಿಂತ ಹೆಂಗಸರು ಋಷಿಪಂಚಮಿ ವ್ರತದ ಉದ್ಯಾಪನೆ ಮಾಡುತ್ತಾರೆ. ಅಷ್ಟು ವರ್ಷ ಮುಟ್ಟಾಗಿದ್ದಾಗ ತಿಳಿದೋ ತಿಳಿಯದೆಯೋ ಮುಟ್ಟಿದ ಪಾಪಗಳೆಲ್ಲ ಅದರಿಂದ ತೊಳೆದುಹೋಗುತ್ತವೆ ಎಂಬ ನಂಬಿಕೆ. ಗಣೇಶನ ಹಬ್ಬದ ಮಾರನೆಯ ದಿನ ನೂರೆಂಟು ಉತ್ತರಾಣಿ ಕಡ್ಡಿಯಿಂದ ಹಲ್ಲುಜ್ಜಿ, ಸ್ನಾನ ಮಾಡಿ, ಏಳು ಋಷಿಗಳಿಗೂ ಅರುಂಧತಿಗೂ ಅರ್ಘ್ಯ ಬಿಡಬೇಕು. ಬೇಡ ಎಂದುಕೊಂಡೆ. ಆ ಬೇಸಿಗೆಯವರೆಗೂ ಬೇಡ ಎಂದೇ ಇದ್ದೆ.

ಬೇಸಿಗೆಯಲ್ಲಿ ಮಗಳು ಫೋನ್ ಮಾಡಿದಳು. ಹತ್ತು ವಾರದ ಬಸುರು ಇಳಿದುಹೋಗಿತ್ತು. ಅವಳು ಬಸುರಿಯಾಗಿದ್ದುದು ನನಗೆ ಗೊತ್ತಾದದ್ದೂ ಅದೇ ಫೋನಿನಲ್ಲಿ. ನಾನು ಏನೂ ಕೇಳಲಿಲ್ಲ. "ಬಿಸಿ ಅನ್ನ ಊಟ ಮಾಡು ಪುಟ್ಟಾ, ಮಲಕ್ಕೋ," ಎಂದೆ. ಇಪ್ಪತ್ತು ನಿಮಿಷ ಮಾತಾಡಿದೆವು. ಗಣೇಶನ ಹಬ್ಬಕ್ಕೆ ಮನೆಗೆ ಬರುತ್ತೇನೆ ಎಂದಳು ಕೊನೆಗೆ. ಥೆರಪಿಸ್ಟ್ ನನ್ನನ್ನು ಮೆಚ್ಚಿಕೊಂಡರು. ನಾನೂ ನನ್ನನ್ನು ಮೆಚ್ಚಿಕೊಂಡೆ. ಆದರೆ ಫೋನ್ ಇಟ್ಟ ಗಳಿಗೆಯಿಂದ ಕಣ್ಣ ಮುಂದೆ ಆ ಸ್ಟೆಂಟ್ ದಿನದ ದೀಪ ಉರಿಯುತ್ತಿತ್ತು. ಅದನ್ನು ಯಾರಿಗೂ ಹೇಳಲಿಲ್ಲ. ಬೆಂಗಳೂರಿನಿಂದ ಬರುತ್ತಿದ್ದ ಪರಿಚಯದವರೊಬ್ಬರಿಗೆ ನೂರೆಂಟು ಉತ್ತರಾಣಿ ಕಡ್ಡಿ ತರಲು ಹೇಳಿದೆ.

ಹಬ್ಬ ಗುರುವಾರ ಬಿದ್ದದ್ದರಿಂದ, ಆಫೀಸು ಮುಗಿಸಿ ಮಗಳು ಬರುವುದು ಶುಕ್ರವಾರ ಸಂಜೆ ಎಂದಿತ್ತು. ಪಂಚಮಿಯೂ ಅದೇ ಶುಕ್ರವಾರ. ಪೂಜೆ ಮಧ್ಯಾಹ್ನದೊಳಗೆ ಮುಗಿದುಹೋಗುತ್ತದೆ ಎಂದು ಧೈರ್ಯ ಮಾಡಿದೆ. ಗಂಡ ಮೀಟಿಂಗ್ ಇದೆ ಎಂದು ಆಫೀಸಿಗೆ ಹೋದರು. ಅವರ ಬದಲಿಗೆ ಅವರ ಉತ್ತರೀಯವನ್ನು ಪಕ್ಕದ ಮಣೆಯ ಮೇಲಿಟ್ಟುಕೊಂಡು ಕೂತೆ. ಪುರೋಹಿತರು ಸಂಕಲ್ಪಕ್ಕೆ ಹೆಸರು ಕೇಳಿದಾಗ ನನ್ನ ಹೆಸರಿನ ಜೊತೆ ಮಗಳ ಹೆಸರನ್ನೂ ಹೇಳಿದೆ. ಯಾಕೆ ಎಂದು ಕೇಳಿದ್ದಕ್ಕೆ ಕಾರಣವನ್ನೂ ಹೇಳಿದೆ.

ಹನ್ನೊಂದೂವರೆಗೆ ಗ್ಯಾರೇಜಿನ ಬಾಗಿಲು ತೆರೆದ ಸದ್ದಾಯಿತು. ನಮಗೆ ಸರ್‌ಪ್ರೈಸ್ ಕೊಡಲು ಮಗಳು ರಜೆ ಹಾಕಿ ಬೆಳಗಾಗುತ್ತಲೇ ಹೊರಟಿದ್ದಳು. ಕೈಯಲ್ಲಿ ಹೂವಿನ ಗುಚ್ಛ. ಸೊರಗಿದ್ದಳು. ತೋಳು ಚಾಚಿ ನೇರ ನನ್ನ ಹತ್ತಿರ ಬಂದಳು. ನಾನು ಕೈ ಅಡ್ಡ ಹಿಡಿದು, "ಒಂದ್ನಿಮ್ಷ ಪುಟ್ಟಾ, ಮಡೀಲಿದೀನಿ," ಎಂದೆ. ಮುಖ ಸ್ವಲ್ಪ ಬಾಡಿತು, ಆದರೂ "ಓಕೆ, ಓಕೆ, ಫಿನಿಶ್ ಮಾಡು," ಎಂದು ನಕ್ಕು ಮೆಟ್ಟಿಲ ಮೇಲೆ ಕೂತಳು. ಅದನ್ನೂ ಸಹಿಸಿಕೊಂಡಳು. ಅಷ್ಟು ಒಳ್ಳೆಯ ಮನಸ್ಸು ಮಾಡಿಕೊಂಡು ಬಂದಿದ್ದಳು.

ನಮ್ಮ ಪುರೋಹಿತರಿಗೆ ಒಂದು ಅಭ್ಯಾಸ. ಇಲ್ಲಿ ಹುಟ್ಟಿದ ಮಕ್ಕಳು ಎದುರಿದ್ದರೆ ಮಂತ್ರ ನಿಲ್ಲಿಸಿ ಅರ್ಥ ಹೇಳುತ್ತಾರೆ. ಎಲ್ಲ ಮನೆಗಳಲ್ಲೂ ಅದಕ್ಕಾಗಿಯೇ ಅವರನ್ನು ಕರೆಯುತ್ತೇವೆ. ಅವರು ಕಣ್ಣರಳಿಸಿ ಅವಳ ಕಡೆ ತಿರುಗಿದರು.

"ಇದು ಬ್ಯೂಟಿಫುಲ್ ಪೂಜೆ ಅಮ್ಮ. ಪೀರಿಯಡ್ಸ್ ಟೈಮಲ್ಲಿ ಗೊತ್ತಿದ್ದೋ ಗೊತ್ತಿಲ್ದೆನೋ ಏನಾದ್ರೂ ಟಚ್ ಮಾಡಿದ್ರೆ, ಆ ಪಾಪ ಎಲ್ಲಾ ಕ್ಲೀನ್ ಆಗತ್ತೆ. ನಿಮ್ಮ ತಾಯಿ ನಿಮ್ಮ ಹೆಸ್ರೂ ಸೇರ್ಸಿದಾರೆ ನೋಡಿ. ಡೋಂಟ್ ವರಿ, ನೆಕ್ಸ್ಟ್ ಟೈಮ್ ಮಗು ನಿಲ್ಲತ್ತೆ."

ಮಗಳು ಹೂವನ್ನು ಪಕ್ಕದ ಮೆಟ್ಟಿಲ ಮೇಲಿಟ್ಟಳು. ಅವಳು ಕೇಳಿದ್ದು ಇಂಗ್ಲಿಷಿನಲ್ಲಿ, ತಗ್ಗಿದ ದನಿಯಲ್ಲಿ. ಕನ್ನಡದಲ್ಲಿ ಬರೆದರೆ ಇಷ್ಟೇ: ನಾನು ಆವತ್ತು ದೀಪ ಹಚ್ಚಿದ್ದಕ್ಕೆ ನನ್ನ ಮಗು ಹೋಯಿತು ಎಂದು ನೀನು ನಂಬುತ್ತೀಯಾ?

ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಒಂದೂವರೆ ವರ್ಷ ನಾನು ಕಲಿತದ್ದು ಅದೊಂದು ಮಾತನ್ನೇ. ಆದರೆ ಬೊಗಸೆಯಲ್ಲಿ ಅರ್ಘ್ಯದ ನೀರಿತ್ತು, ಎದುರಿಗೆ ಏಳು ಋಷಿಗಳಿದ್ದರು, ನಾನು ಮಡಿಯಲ್ಲಿದ್ದೆ. ಅಲ್ಲಿ ಕೂತು ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. ಅದು ಸುಳ್ಳಾಗುತ್ತದೆ ಎಂದು ನನಗೂ ಗೊತ್ತಾದದ್ದು ಆಗಲೇ.

ಅವಳು ಕಾರಿನ ಕೀ ಕೈಗೆ ತೆಗೆದುಕೊಂಡಳು. ಆಮೇಲೆ ಎದ್ದಳು. ನಾನು ಗ್ಯಾರೇಜಿನ ಬಾಗಿಲತನಕ ಓಡಿದೆ. ಹೊಸ್ತಿಲು ದಾಟಿದರೆ ಮೈಲಿಗೆಯೆಂದು ಅಲ್ಲೇ ನಿಂತೆ. ಹೌದು, ನಿಂತೆ. ಅವಳು ಕಾರಿನ ಕಿಟಕಿ ಇಳಿಸಿ ಕನ್ನಡದಲ್ಲೇ ಹೇಳಿದಳು. "ಸುಳ್ಳಾದ್ರೂ ಹೇಳ್ಬೋದಿತ್ತು ಅಮ್ಮ. ನಾನು ನಂಬ್ತಿದ್ದೆ."

ಒಳಗೆ ಪುರೋಹಿತರು ತಲೆ ತಗ್ಗಿಸಿಕೊಂಡು ಕೂತಿದ್ದರು. ಪಾಪ, ಅವರದೇನೂ ತಪ್ಪಿಲ್ಲ. "ಅರ್ಘ್ಯ ಬಿಡೋವಾಗ ಮತ್ತೆ ಹೆಸ್ರು ಹೇಳ್ಬೇಕು. ಮಗಳ ಹೆಸ್ರು ಬಿಟ್ಬಿಡೋಣ್ವಾ ಅಮ್ಮಾ?" ಎಂದು ಮೆಲ್ಲಗೆ ಕೇಳಿದರು.

ಅವಳ ಕಾರು ಇನ್ನೂ ಹೈವೇ ಸೇರಿರಲಿಕ್ಕಿಲ್ಲ. ಮುಂದೆ ಇನ್ನೂರೈವತ್ತಕ್ಕೂ ಹೆಚ್ಚು ಮೈಲಿ, ಅಳುತ್ತಾ ಡ್ರೈವ್ ಮಾಡುತ್ತಿರುತ್ತಾಳೆ. ಅರ್ಧಕ್ಕೆ ಬಿಟ್ಟ ವ್ರತದ ದೋಷ ಯಾರಿಗೆ ತಗಲುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಮಣೆಯ ಮೇಲೆ ಕೂತು ಬೊಗಸೆ ಒಡ್ಡಿದೆ.

"ಬಿಡ್ಬೇಡಿ," ಎಂದೆ. "ಅವಳ ಹೆಸ್ರು ಎರಡು ಸಲ ಹೇಳಿ."