ಖಾಲಿ ಬಾಗಿಲು

ಬ್ಯಾಂಕಿನ ವರ್ಗಾವಣೆ ನನ್ನನ್ನು ಧಾರವಾಡದಿಂದ ನಾಸಿಕಕ್ಕೆ ತಂದು ಹಾಕಿದ್ದು ಎಂಬತ್ತರ ದಶಕದ ಕೊನೆಯಲ್ಲಿ. ಭಾನುವಾರ ಬಂತೆಂದರೆ ನಾವು ನಾಲ್ಕಾರು ಹವ್ಯಾಸಿಗಳು ಕ್ಯಾಮೆರಾ ಹೆಗಲಿಗೇರಿಸಿ ಪಂಚವಟಿಯ ಓಣಿಗಳಲ್ಲಿ ‘ಹಳೆಯ ನಾಸಿಕ’ವನ್ನು ಹುಡುಕುತ್ತಿದ್ದೆವು. ಹುಡುಕುವುದೇನು ಬಂತು, ತಯಾರು ಮಾಡುತ್ತಿದ್ದೆವು. ಪ್ಲಾಸ್ಟಿಕ್ ಬಕೆಟ್ಟು ಸರಿಸುವುದು, ಒಣಗಲು ಹಾಕಿದ ಬಟ್ಟೆ ತೆಗೆಸುವುದು, ಕಡೆಗೆ ಮನುಷ್ಯರನ್ನೂ ಎಬ್ಬಿಸುವುದು.

ಒಂದು ಹಳೆಯ ವಾಡೆಯ ಕೆತ್ತನೆಯ ಬಾಗಿಲು ನನಗೆ ಹುಚ್ಚು ಹಿಡಿಸಿತ್ತು. ಅಲ್ಲಿ ಬಾಡಿಗೆಗಿದ್ದವರು ಬೀದರಿನ ಒಬ್ಬ ಬಟ್ಟೆ ವ್ಯಾಪಾರಿ ಮತ್ತು ಅವರ ತಾಯಿ. ಆಕೆ ಸದಾ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತ ಕೂತಿರುತ್ತಿದ್ದರು.

“ಆಯಿ, ಸ್ವಲ್ಪ ಒಳಗ ಹೋಗ್ರಿ. ಫೋಟೋದಾಗ ಹಳೇದ್ ಅಷ್ಟೇ ಬರಬೇಕ್ರಿ.”

“ಮತ್ತ ನಾ ಏನ್ ನಿನ್ನೆ ಹುಟ್ಟೀನೇನಪಾ?” ಎಂದು ನಗುತ್ತ ಎದ್ದು ಹೋಗುತ್ತಿದ್ದರು. ಆ ಮಾತಿಗೆ ನಾನೂ ನಗುತ್ತಿದ್ದೆ, ಮೂರ್ಖ.

ನಮ್ಮ ಚಿತ್ರಗಳ ಪ್ರದರ್ಶನಕ್ಕೆ ಓಣಿಯವರೆಲ್ಲ ಬಂದರು. ತಮ್ಮದೇ ಓಣಿಯನ್ನು ಬಾಯಿ ಬಿಟ್ಟುಕೊಂಡು ನೋಡಿದರು. ಆಮೇಲೆ ನಾವು ಹೇಳುವುದೇ ಬೇಕಿರಲಿಲ್ಲ. ಕ್ಯಾಮೆರಾ ಕಂಡರೆ ಸಾಕು, ತಾವೇ ಹಗ್ಗದ ಮೇಲಿನ ಬಟ್ಟೆ ಎಳೆದುಕೊಂಡು ಒಳಗೆ ಹೋಗುತ್ತಿದ್ದರು. ಊರು ಚೆಂದ ಕಾಣಬೇಕಾದರೆ ತಾವು ಅಡ್ಡ ಇರಬಾರದು ಎಂದು ಅವರಿಗೆ ಕಲಿಸಿದವರು ನಾವೇ. ಆಯಿಯೂ ನನ್ನನ್ನು ದೂರದಿಂದ ಕಂಡೊಡನೆ ಮೊಣಕಾಲು ಹಿಡಿದುಕೊಂಡು ಏಳುತ್ತಿದ್ದರು. ನನಗದು ದೊಡ್ಡ ಅನುಕೂಲವಾಗಿ ಕಂಡಿತ್ತು.

ಒಂದು ಚಳಿಗಾಲದಲ್ಲಿ ಆಯಿ ತೀರಿಕೊಂಡರು. ಮಣ್ಣು ಮುಗಿಸಿದ ಮರುದಿನ ಮಗ ನನ್ನ ಮನೆಗೆ ಬಂದರು.

“ಅವ್ವಂದು ಒಂದೂ ಫೋಟೋ ಇಲ್ರಿ. ಸ್ಟುಡಿಯೋಕ್ಕ ಬಾ ಅಂದ್ರ ನಾಚತಿದ್ಳು. ನೀವು ನಮ್ ಬಾಗಲಾ ಭಾಳ್ ಸಲ ತೆಗ್ದೀರಿ. ಒಂದರಾಗರೆ ಇರಬೇಕು, ನೋಡ್ರಿ.”

ನೆಗೆಟಿವ್‌ಗಳನ್ನೆಲ್ಲ ಕಿಟಕಿಯ ಬೆಳಕಿಗೆ ಹಿಡಿದೆ. ಬೆಳಗಿನ ಬಾಗಿಲು, ಸಂಜೆಯ ಬಾಗಿಲು, ಮಳೆ ನಿಂತ ಮೇಲಿನ ಬಾಗಿಲು. ಆಯಿ ಎಲ್ಲಿಯೂ ಇರಲಿಲ್ಲ. ಇರಲು ನಾನು ಬಿಟ್ಟಿರಲಿಲ್ಲ. ಮಗ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೈಯಲಿಲ್ಲ. “ಇರ್ಲಿ ಬಿಡ್ರಿ, ಅದರಾಗಿಂದೇ ಒಂದು ಕೊಡ್ರಿ” ಎಂದರು.

ಕಾರ್ಯದ ದಿನ ಊಟಕ್ಕೆ ಹೋದೆ. ಗೋಡೆಯ ಮೇಲೆ ಕಟ್ಟು ಹಾಕಿಸಿದ ನನ್ನ ಬಾಗಿಲು. ಅದಕ್ಕೆ ವಿಭೂತಿ, ಹೂಮಾಲೆ. ಬೀದರಿನಿಂದ ಬಂದ ನೆಂಟರು ಒಬ್ಬೊಬ್ಬರಾಗಿ ಅದರ ಮುಂದೆ ನಿಂತು, ಕೈಮುಗಿದು ಅಳುತ್ತಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಮಗ ನನ್ನ ಕೈ ಹಿಡಿದು ಮುಂದಕ್ಕೆ ಕರೆದೊಯ್ದು, “ಇವ್ರೇ ತೆಗ್ದದ್ದು” ಎಂದು ಎಲ್ಲರಿಗೂ ಹೆಮ್ಮೆಯಿಂದ ಪರಿಚಯ ಮಾಡಿಸಿದರು.