ಬಿನವಿರೋಧ ಬ್ಯಾಡ

ಸತ್ತವರ ಮನೆಯಲ್ಲಿ ಕೂತಾಗ ತಲೆಯಲ್ಲಿ ಏನೇನು ಓಡುತ್ತದೆ ಎಂಬುದನ್ನು ಯಾರೂ ಬರೆದಿಡುವುದಿಲ್ಲ. ನಾನು ಬರೆಯುತ್ತೇನೆ. ನಮ್ಮ ವಾರ್ಡಿನ ಪಂಚಾಯಿತಿ ಸದಸ್ಯ ತೀರಿಕೊಂಡ ದಿನ ಅವನ ಅಂಗಳದಲ್ಲಿ ಹೆಂಗಸರ ನಡುವೆ ಕೂತು ಅಳುತ್ತಿದ್ದೆ. ಸುಳ್ಳು ಅಳುವಲ್ಲ. ಆದರೆ ಅಳುತ್ತಿರುವಾಗಲೇ ‘ಹಾಗಾದರೆ ಸೀಟು ಖಾಲಿಯಾಯಿತು’ ಎಂಬ ಮಾತು ತಲೆಗೆ ಬಂತು. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ನಾಚಿಕೆಯಾದರೂ ಆ ಮಾತು ಎದ್ದು ಹೋಗಲಿಲ್ಲ.

ನಾನು ಶಹರದ ನೆಹರು ನಗರದ ದವಾಖಾನೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವಳು. ಊರು ದೇಸೂರ ದಾಟಿ ಖಾನಾಪುರದ ಕಡೆಗೆ. ಅಷ್ಟೂ ವರ್ಷ ರೈಲಿಗೋ ಬಸ್ಸಿಗೋ ಓಡಿ, ಹೋಗಿ ಬಂದು ಕೆಲಸ ಮಾಡಿದೆ. ಊರಲ್ಲಿ ನನಗೆ ಸಿಸ್ಟರಬಾಯಿ ಎನ್ನುತ್ತಾರೆ. ಸ್ವಂತ ಹೆಸರು ರೇಶನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ರಿಟೈರ್ ಆದ ಮೇಲೆ ಪಂಚಾಯಿತಿ ಚುನಾವಣೆಗೆ ನಿಂತೆ. ಕಾರಣ ಒಂದು ಮೋರಿ. ಊರಿನಿಂದ ಮೇಲಿನ ವಾಡಿಯ ಮನೆಗಳಿಗೆ ಹೋಗುವ ದಾರಿಯಲ್ಲಿ ಹಳ್ಳಕ್ಕೆ ಹಾಕಿದ ಸಣ್ಣ ಮೋರಿ ಮಳೆಗಾಲದಲ್ಲಿ ಮುಳುಗುತ್ತದೆ, ಅಂಬ್ಯುಲೆನ್ಸು ಈಚೆ ದಂಡೆಯಲ್ಲೇ ನಿಲ್ಲುತ್ತದೆ. ಹೆರಿಗೆ ನೋವಿನ ಹೆಂಗಸರನ್ನು ಕಂಬಳಿಯಲ್ಲಿ ಹೊತ್ತು ದಾಟಿಸುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಆ ಮೋರಿ ದೊಡ್ಡದಾಗಬೇಕು ಎಂದು ಮನೆಮನೆಗೆ ಹೇಳಿಕೊಂಡು ತಿರುಗಿದೆ. ಹನ್ನೊಂದು ಓಟಿನಿಂದ ಸೋತೆ.

ಗೆದ್ದವನು ಟೆಂಪೋ ಓಡಿಸುತ್ತಿದ್ದ, ಕುರಿ ಕಾಯ್ದ ಮನೆತನದವನು, ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ಸಣ್ಣವನು. ಸಿಟ್ಟು ಇಟ್ಟುಕೊಳ್ಳಬೇಕೆಂದರೂ ಅವನ ಮೇಲೆ ಸಿಟ್ಟು ನಿಲ್ಲುತ್ತಿರಲಿಲ್ಲ. ದಾರಿಯಲ್ಲಿ ಕಂಡರೆ ಟೆಂಪೋ ನಿಲ್ಲಿಸಿ, “ಹನ್ನೊಂದ ಓಟಿನ ಬಾಯಾರ, ಹತ್ರಿ” ಎನ್ನುತ್ತಿದ್ದ. ಎದೆನೋವು ಬಂದು ನೆಹರು ನಗರದಲ್ಲಿ ಅಡ್ಮಿಟ್ ಆದಾಗ ನೋಡಲು ಹೋದೆ. ಆಕ್ಸಿಜನ್ ಮಾಸ್ಕ್ ಸರಿಸಿ, “ಖುರ್ಚಿ ಖಾಲಿ ಆಗತೈತೇನ ಅಂತ ನೋಡಾಕ ಬಂದ್ರೇನ್ರಿ?” ಎಂದು ನಕ್ಕ. ನಾನೂ ನಕ್ಕೆ, ಬೈದೆ, ಮಾಸ್ಕ್ ಸರಿಮಾಡಿ ಬಂದೆ. ನಾಲ್ಕನೇ ದಿನ ಹೋಗಿಬಿಟ್ಟ. ಅವನು ತಮಾಷೆಗೆ ಅಂದದ್ದನ್ನು ನಾನು ಅಂಗಳದಲ್ಲಿ ಕೂತು ಖರೇ ಮಾಡಿದ್ದೆ, ಅದೇ ನನ್ನನ್ನು ತಿನ್ನುತ್ತಿತ್ತು.

ತಿನ್ನುತ್ತಿದ್ದರೂ ಹದಿನೈದು ದಿನದ ಮೇಲೆ ಬೇರೇನೋ ಕೆಲಸದ ನೆಪ ಮಾಡಿಕೊಂಡು ಖಾನಾಪುರದ ತಾಲೂಕು ಕಚೇರಿಗೆ ಹೋದೆ. ನನ್ನ ಲೆಕ್ಕ ಸರಳ. ಒಂದನೇ ನಂಬರು ಇಲ್ಲವಾದರೆ ಎರಡನೇ ನಂಬರು ಮೇಲೆ ಬರಬೇಕು. ನರ್ಸಿಂಗ್ ಸೀಟಿಗೆ ಹಾಗೇ ಆಗಿತ್ತು. ಯಾರೋ ಹುಡುಗಿ ಬಿಟ್ಟುಹೋದ ಸೀಟು ಕಾಯುವವರ ಪಟ್ಟಿಯಲ್ಲಿದ್ದ ನನಗೆ ಸಿಕ್ಕಿದ್ದರಿಂದಲೇ ನಾನು ನರ್ಸ್ ಆದದ್ದು. ಕಚೇರಿಯ ಗುಮಾಸ್ತ ನನ್ನ ಮಾತು ಪೂರ್ತಿ ಕೇಳಿದ, ಕುರ್ಚಿ ತೋರಿಸಿ ಕೂರಿಸಿದ, ಆಮೇಲೆ ಹೇಳಿದ.

“ಬಾಯಾರ, ಇದು ಪಾಳಿ ಅಲ್ಲರಿ. ಅವರಿಗೆ ಓಟ ಹಾಕಿದ ಮಂದಿ, ಇವರಿಲ್ಲಂದ್ರ ನೀವು ಇರಲಿ ಅಂತ ಬರದ ಕೊಟ್ಟಿಲ್ಲಲ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ, ನೀವು ಬ್ಯಾಡ ಅಂತನ ಅವರಿಗೆ ಹಾಕ್ಯಾರ.”

ಇಂಜೆಕ್ಷನ್ ಕೊಡುವ ಕೈಗೆ ಇಂಜೆಕ್ಷನ್ ಚುಚ್ಚಿದ್ದ. ಆದರೆ ಅವನ ಮಾತಿನಲ್ಲಿ ತಪ್ಪು ಹುಡುಕಲು ಬಸ್ಸಿನಲ್ಲಿ ಊರು ಮುಟ್ಟುವವರೆಗೆ ಪ್ರಯತ್ನ ಮಾಡಿದೆ, ಸಿಗಲಿಲ್ಲ.

ಒಂದೆರಡು ತಿಂಗಳಲ್ಲಿ ಉಪಚುನಾವಣೆಯ ದಿನ ಗೊತ್ತಾಯಿತು. ಸೀಟು ಸಾಮಾನ್ಯ ವರ್ಗದ್ದು, ಯಾರು ಬೇಕಾದರೂ ನಿಲ್ಲಬಹುದು. ಮರುದಿನವೇ ಸಮುದಾಯ ಭವನದಲ್ಲಿ ಊರವರು ಕೂಡಿದರು. ನಮ್ಮ ಕಡೆ ಮನೆಯೊಳಗಿನ ಮಾತು ಕನ್ನಡವಾಗಲಿ ಮರಾಠಿಯಾಗಲಿ, ಅವಿರೋಧ ಆಯ್ಕೆಗೆ ಎಲ್ಲರೂ ಬಿನವಿರೋಧ ಎಂದೇ ಅನ್ನುವುದು. ಒಬ್ಬರು ಅರ್ಜಿ ಹಾಕುವುದು, ಉಳಿದವರು ಸುಮ್ಮನಿರುವುದು, ಓಟೇ ಇಲ್ಲದೆ ಗೆಲುವು. ಪಂಚಾಯಿತಿಯ ಮಾಜಿ ಚೇರಮನ್‌ರು ಎದ್ದು ನಿಂತು, “ಪಾಪ, ಆ ಹೆಣ್ಣಮಗಳು ಗಂಡನ್ನ ಕಳಕೊಂಡಾಳ. ಊರು ಆಕಿಗೆ ಇಷ್ಟರ ಮಾಡಬೇಕು. ಸೀಟ ಆಕಿಗೇ ಬಿನವಿರೋಧ ಮಾಡೂಣು” ಎಂದರು. ಚಪ್ಪಾಳೆ ಬಿತ್ತು. ಗುಂಪಿನಲ್ಲಿ ಗೋವಿಂದ ಎಂದು ನಾನೂ ತಟ್ಟಿದೆ. ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದ ಆ ಹೆಣ್ಣುಮಗಳನ್ನು ‘ನಿನಗ ಬೇಕೇನವಾ’ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮನೆಗೆ ಬಂದ ಮೇಲೆ ನನ್ನ ಮುಖ ನೋಡಿ ನಮ್ಮ ಯಜಮಾನರು, “ಬಿಟ್ಟಬಿಡು. ನಿಂತ್ರ ಸತ್ತವನ ಖುರ್ಚಿ ಮ್ಯಾಲ ಕಣ್ಣ ಹಾಕ್ಯಾಳ ಅಂತಾರ” ಎಂದರು. ಕಣ್ಣು ಹಾಕಿದ್ದೆನಲ್ಲ, ಅದಕ್ಕೇ ಆ ಮಾತು ತಡೆಯಲಾಗಲಿಲ್ಲ. ಬಿಟ್ಟೆ ಎಂದೆ. ಮೋರಿಯ ಬಗ್ಗೆ ಬರೆದಿಟ್ಟ ಅರ್ಜಿಗಳನ್ನೆಲ್ಲ ಟ್ರಂಕಿನ ತಳಕ್ಕೆ ಹಾಕಿದೆ.

ನಾಮಪತ್ರಕ್ಕೆ ಎರಡು ದಿನ ಉಳಿದಿದ್ದಾಗ ಮಧ್ಯಾಹ್ನ ತೀರಿಕೊಂಡವನ ಹೆಂಡತಿ ನಮ್ಮ ಮನೆಗೆ ಬಂದಳು. ಬೈಲಹೊಂಗಲ ಕಡೆಯ ಹೆಣ್ಣುಮಗಳು, ನನಗೆ ಅಷ್ಟು ಬಳಕೆಯಿರಲಿಲ್ಲ. ಚಹಾ ಬೇಡವೆಂದಳು. ಕೈಚೀಲದಿಂದ ಕಾಗದಗಳ ಒಂದು ಕಟ್ಟು ತೆಗೆದು ನನ್ನ ಮುಂದಿಟ್ಟಳು. ಪಂಚಾಯಿತಿ ಸಭೆಯ ನೋಟೀಸುಗಳು, ಅವಳ ಗಂಡನ ಹೆಸರಿಗೆ ಬಂದವು. ಪ್ರತಿ ವಿಷಯದ ಪಕ್ಕದಲ್ಲಿ ಪೆನ್ಸಿಲಿನ ಗುರುತು, ಕೆಲವಕ್ಕೆ ರೈಟ್, ಕೆಲವಕ್ಕೆ ಸೊನ್ನೆ.

“ಅವರು ಕಲ್ತಿದ್ದು ಮರಾಠಿ ಸಾಲಿರಿ. ನೋಟೀಸ ಕನ್ನಡದಾಗ ಬರತಿದ್ದು. ನಾನ ಓದಿ ಹೇಳತಿದ್ದೆ. ಹೂಂ ಅನ್ನೂದಕ್ಕ ರೈಟ್, ಎದ್ದ ನಿಂತ ಕೇಳೂದಕ್ಕ ಸೊನ್ನಿ. ಸೊನ್ನಿ ನೋಡಿ ಕೇಳತಿದ್ರು.”

ನಾನು ಒಂದೊಂದೇ ಹಾಳೆ ತಿರುವಿ ಹಾಕಿದೆ. ಸಭೆಯಲ್ಲಿ ಅವನು ಕೇಳುತ್ತಾನಂತೆ, ಬಿಡುವುದಿಲ್ಲವಂತೆ ಎಂದು ಊರು ಹೊಗಳುತ್ತಿದ್ದ ಪ್ರಶ್ನೆಗಳೆಲ್ಲ ಅಲ್ಲಿ ಸೊನ್ನೆಯಾಗಿ ಕೂತಿದ್ದವು. ಎಲ್ಲಕ್ಕಿಂತ ಕೆಳಗಿನ ನೋಟೀಸು ಅವನು ಸತ್ತ ವಾರದ್ದು. ಕಚೇರಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲವೇನೋ, ಅವನ ಹೆಸರಿಗೇ ಬಂದಿತ್ತು. ಅದಕ್ಕೂ ಅವಳು ಗುರುತು ಹಾಕಿದ್ದಳು.

“ಹಂಗಾರ ನಿನಗ ಈ ಸೀಟ ಬರೋದ ನ್ಯಾಯ ಐತಿ ಬಿಡವಾ. ಬಿನವಿರೋಧ ಆಗತೈತಿ, ಹೋಗಿ ಕುಂದರು” ಎಂದೆ.

“ಬಿನವಿರೋಧ ಬ್ಯಾಡರಿ ನನಗ. ನೀವು ನಿಲ್ರಿ. ಅದನ್ನ ಕೇಳಾಕ ಬಂದೀನಿ.”

“ಹುಚ್ಚೀ ಏನ ನೀ? ನಾ ನಿಂತ್ರ ಮಂದಿ ನನಗ ಉಗೀತಾರ.”

“ಉಗೀತಾರರಿ” ಎಂದು ಒಪ್ಪಿಕೊಂಡಳು. “ಆದ್ರ ನೀವು ನಿಂತ್ರ ನನಗ ಓಟ ಬೀಳತಾವ. ನಿಲ್ಲದಿದ್ರ ಬರೇ ‘ಪಾಪ’ ಬೀಳತೈತಿ. ನಾಳೆ ಮೀಟಿಂಗಿನ್ಯಾಗ ನಾ ಬಾಯಿ ತೆಗದ್ರ, ನಾವ ಕೊಟ್ಟ ಖುರ್ಚಿ ಐತಿ, ಸುಮ್ನ ಕುಂದರು ಅಂತಾರ. ಅವರಿಗೆ ಹಂಗ ಅನ್ನಾಕ ಯಾರಿಗೂ ಆಗಲಿಲ್ಲರಿ. ಅವರ ಬೆನ್ನಿಗೆ ಹನ್ನೊಂದ ಓಟ ಇದ್ದು.”

“ನಾ ಗೆದ್ರ?”

ನೋಟೀಸುಗಳ ಅಂಚು ಸರಿಮಾಡಿದಳು. “ಗೆದ್ರ ನೀವು ಮೆಂಬರು. ಆದ್ರ ಒಂದ ಮಾತರಿ ಬಾಯಾರ. ಕನಿಕರ ಮಾಡಿ ಕೈ ಸಡಲ ಬಿಡಬ್ಯಾಡ್ರಿ. ನಿಂತ್ರ ಖರೇನ ನಿಲ್ರಿ.”

ನಿಂತೆ. ಊರು ಏನು ಮಾಡಬೇಕೋ ಅದನ್ನು ಮಾಡಿತು. ಹಾಲಿನವಳು ನಮ್ಮ ಮನೆ ದಾಟಿ ಹೋಗತೊಡಗಿದಳು. ನಳದ ಹತ್ತಿರ ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸುತ್ತಿದ್ದರು. ನಾನೇ ಹೇಳಲು ಹೋದೆ, ಆಕೆಯೇ ಬಂದು ಕೇಳಿಕೊಂಡಳು ಎಂದು, ಯಾರೂ ನಂಬಲಿಲ್ಲ. ಅವಳೂ ಎಲ್ಲರಿಗೂ ಹೇಳಿದಳು, ಆಗಂತೂ ಇನ್ನೂ ಕೆಟ್ಟಿತು. “ದೊಡ್ಡ ಮನಸ್ಸು ಆಕೀದು, ಪಾಪ, ಅದಕ್ಕ ಹಂಗ ಅಂತಾಳ” ಎಂದರು. ಅವಳಿಗೆ ಏನು ಬೇಕು ಎಂಬುದನ್ನು ಅವಳ ಬಾಯಿಂದ ಕೇಳಿದ ಮೇಲೂ ಊರು ಅದನ್ನು ಕನಿಕರದ ಖಾತೆಗೇ ಹಾಕಿಕೊಂಡಿತು. ಆಗ ನನಗೆ ಅವಳ ಹಟ ಪೂರ್ತಿ ಅರ್ಥವಾಯಿತು, ಸಿಟ್ಟೂ ಬಂತು. ಆ ಸಿಟ್ಟಿನಲ್ಲೇ ಮನೆಮನೆ ತಿರುಗಿದೆ, ಮೋರಿ, ಮೋರಿ ಎಂದು. ಅವಳೂ ತಿರುಗಿದಳು. ಒಂದು ಓಣಿಯಲ್ಲಿ ಎದುರಾದಾಗ ಇಬ್ಬರಿಗೂ ನಗು ತಡೆಯಲಾಗದೆ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ಹೋದೆವು.

ಮತದಾನದ ದಿನ ಶಾಲೆಯ ಕೋಣೆಯಲ್ಲಿ, ರಟ್ಟಿನ ಮರೆಯ ಹಿಂದೆ, ಮತಪತ್ರ ಬಿಡಿಸಿ ನಿಂತೆ. ನನ್ನ ಚಿಹ್ನೆ ಹೊಲಿಗೆ ಯಂತ್ರ, ಅವಳದು ಕುಕ್ಕರ್. ಕೈ ಕುಕ್ಕರಿನ ಮೇಲೆ ಹೋಯಿತು. ಎಷ್ಟು ಸುಲಭವಿತ್ತು, ಎಷ್ಟು ಪುಣ್ಯದ ಕೆಲಸ ಅನಿಸುತ್ತಿತ್ತು. ಆಮೇಲೆ ಅವಳ ಮಾತು ನೆನಪಾಯಿತು. ಅವಳಿಗೆ ಓಟು ಹಾಕಿದರೆ ನಾನೂ ‘ಪಾಪ’ ಎಂದ ಹಾಗೆಯೇ. ಮುದ್ರೆಯನ್ನು ಹೊಲಿಗೆ ಯಂತ್ರದ ಮೇಲೆ ಒತ್ತಿ, ಮಡಚಿ, ಪೆಟ್ಟಿಗೆಗೆ ಹಾಕಿ ಹೊರಗೆ ಬಂದೆ.

ಎಣಿಕೆ ಖಾನಾಪುರದಲ್ಲಿ. ಊರವರು ಹಾರ ತಂದಿದ್ದರು, ಒಂದೇ ಹಾರ. ಕುಕ್ಕರಿಗೆ ಎಲ್ಲ ಓಟೂ ಬೀಳುತ್ತದೆ, ಸಿಸ್ಟರಬಾಯಿಗೆ ಸ್ವಂತ ಗಂಡನ ಓಟೂ ಬೀಳುವುದಿಲ್ಲ ಎಂದು ದಾರಿಯುದ್ದಕ್ಕೂ ಮಾತಾಡಿಕೊಂಡಿದ್ದರು. ಮತಪತ್ರಗಳನ್ನು ಬಿಚ್ಚಿದಂತೆ ಸದ್ದು ಅಡಗಿತು. ಹೊಲಿಗೆ ಯಂತ್ರ, ಕುಕ್ಕರ್, ಹೊಲಿಗೆ ಯಂತ್ರ, ಹೊಲಿಗೆ ಯಂತ್ರ, ಕುಕ್ಕರ್. ಭವನದಲ್ಲಿ ಚಪ್ಪಾಳೆ ತಟ್ಟಿದ ಕೈಗಳೇ ಮರೆಯ ಹಿಂದೆ ಬೇರೆ ಕೆಲಸ ಮಾಡಿದ್ದವು. ಕೊನೆಗೆ ಅವಳು ಗೆದ್ದದ್ದು ಮೂರು ಓಟಿನಿಂದ.

ಮಾಜಿ ಚೇರಮನ್‌ರ ಮುಖ ಅವಮಾನವಾದವರಂತಾಗಿತ್ತು, ಇಷ್ಟೇ ಏನು ಎಂದು. ಅವಳ ಮುಖ ಮಾತ್ರ ಬೆಳಗಿತ್ತು. ಹಾರ ಹಾಕಿಸಿಕೊಂಡು ನೆಟ್ಟಗೆ ನನ್ನ ಹತ್ತಿರ ಬಂದು, “ಮೂರ, ಬಾಯಾರ. ಅವರವು ಹನ್ನೊಂದ ಇದ್ದು. ಈ ಮೂರ ನನ್ನವು” ಎಂದಳು. ಎರಡನೇ ಸಲ ಸೋತವಳಿಗೆ ಹೊಟ್ಟೆ ಉರಿಯಬೇಕಿತ್ತು. ಉರಿಯಿತು ಕೂಡ, ಸುಳ್ಳು ಯಾಕೆ ಹೇಳಲಿ. ಆದರೆ ಅವಳ ಕೈ ಹಿಡಿದುಕೊಂಡೇ ನಿಂತಿದ್ದೆ.

ಮುಂದಿನ ಗ್ರಾಮಸಭೆಗೆ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಸದಸ್ಯರ ಸಾಲಿನಲ್ಲಿ ಅವಳಿದ್ದಳು, ಕೈಯಲ್ಲಿ ನೋಟೀಸು. ಈ ಸಲ ಅದು ಅವಳ ಹೆಸರಿಗೇ ಬಂದಿತ್ತು. ದೀಪ, ನಳ, ಗಟಾರು ಮುಗಿದ ಮೇಲೆ ಎದ್ದು ನಿಂತು ವಾಡಿಯ ಮೋರಿಯ ವಿಷಯ ತೆಗೆದಳು. ಮಾಜಿ ಚೇರಮನ್‌ರು ಮೆತ್ತಗೆ, ಪ್ರೀತಿಯಿಂದಲೇ, “ಅದು ಆಮ್ಯಾಲ ನೋಡೂಣು ತಂಗಿ, ಕುಂದರು. ಊರೆಲ್ಲಾ ಕೂಡಿ ನಿನ್ನ ಕಳಿಸೇತಿ, ಊರಿನ ಮಾತ ಕೇಳಬೇಕು” ಎಂದರು.

“ಊರೆಲ್ಲಾ ಕೂಡಿ ಕಳಿಸಿಲ್ಲರಿ ಅಣ್ಣಾರ. ಮೂರ ಓಟ ಕಳಿಸ್ಯಾವ” ಎಂದಳು. “ಉಳಿದ ಮಂದಿ ಸಿಸ್ಟರಬಾಯಾರಿಗೆ ಹಾಕ್ಯಾರ, ಈ ಮೋರಿ ಸಲವಾಗಿ ಹಾಕ್ಯಾರ. ಅವರೂ ನನ್ನ ವಾರ್ಡಿನವರ. ಈ ಮಾತ ಮುಗಸೇ ಕುಂದರತೀನಿ.”

ಅವಳು ನೋಟೀಸು ಎತ್ತಿ ಹಿಡಿದು ಓದತೊಡಗಿದಳು. ಬಿಸಿಲಿಗೆ ಹಿಡಿದ ಹಾಳೆಯಲ್ಲಿ ಒಂದು ಸಾಲಿನ ಪಕ್ಕ ಪೆನ್ಸಿಲಿನ ಸೊನ್ನೆ ಕಾಣುತ್ತಿತ್ತು. ಈಗ ಯಾರಿಗೂ ತೋರಿಸಬೇಕಾಗಿರಲಿಲ್ಲ, ಆದರೂ ಹಾಕಿದ್ದಳು. ಅದನ್ನು ನೋಡಿ ನನಗೆ ಅವನ ಸಲುವಾಗಿ ಇನ್ನೊಮ್ಮೆ ಅಳು ಬಂತು. ಈ ಸಲ ಅಳುವಾಗ ತಲೆಯಲ್ಲಿ ಬೇರೆ ಯಾವ ಮಾತೂ ಇರಲಿಲ್ಲ.