ಅತಾ ಬಿನ್ ಸಾಯಿಬರ ಹೆಸರಿಗೆ ಬಿದ್ದ ಕೆಂಪು ಗೆರೆ

ಪದ್ಮನಾಭನವರು ಡೆಟ್ರಾಯಿಟ್ ಬಳಿ ಬ್ರೇಕ್ ಭಾಗಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ ಹತ್ತೊಂಬತ್ತು ವರ್ಷ ಏಳು ತಿಂಗಳು, ಘಟಕಗಳಿಗೆ ಹೋಗಿ ಕಂಡದ್ದನ್ನು ವರದಿ ಬರೆಯುವ ಗುಣಮಟ್ಟ ತಪಾಸಕರಾಗಿದ್ದರು. ಯಾರಾದರೂ ಸುಮಾರು ಇಪ್ಪತ್ತು ಎಂದರೆ ತಿದ್ದುತ್ತಿದ್ದರು. ಅಂಥವರನ್ನು 2009ರ ಜನವರಿ ಹದಿನಾಲ್ಕರ ಬುಧವಾರ, ಸಂಕ್ರಾಂತಿಯ ಬೆಳಿಗ್ಗೆ, ಹನ್ನೊಂದು ನಿಮಿಷಗಳಲ್ಲಿ ಮನೆಗೆ ಕಳಿಸಲಾಯಿತು. ಕಾರಣ ಹೇಳುವ ಸೌಜನ್ಯವೂ ಇರಲಿಲ್ಲ. ಒಂದು ರಟ್ಟಿನ ಪೆಟ್ಟಿಗೆ, ಬಾಗಿಲ ತನಕ ಒಬ್ಬ ಕಾವಲುಗಾರ, ಅಷ್ಟೇ. ಹತ್ತಿರದ ಕ್ಯಾಂಟನ್ ಊರಿನ ತಮ್ಮ ಮನೆಯ ಮುಂದೆ ಅವರು ಕಾರಿನಲ್ಲೇ ಕೂತುಬಿಟ್ಟಿದ್ದರು. ಹೆಂಡತಿ ಛಾಯಾ ಬಂದು ಕಿಟಕಿ ತಟ್ಟಿದ ಮೇಲೆಯೇ ಎಂಜಿನ್ ಇನ್ನೂ ಓಡುತ್ತಿದೆಯೆಂಬ ಅರಿವಾದದ್ದು.

ಮೂರನೆಯ ವಾರ ಅವರನ್ನು ಹುಡುಕಿಕೊಂಡು ಬಂದವರು ಅದೇ ಬಡಾವಣೆಯ ಬಂದೇನವಾಜ ಜಮಾದಾರರು. ಮೂಲತಃ ಕಲಬುರಗಿಯವರು, ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಮಸೀದಿಯ ಭಾನುವಾರದ ಶಾಲೆಗೆಂದು ಇಸ್ಲಾಮಿನ ಮೊದಲ ತಲೆಮಾರುಗಳ ಪರಿಚಯ ಕೋಶವೊಂದನ್ನು ಇಂಗ್ಲಿಷಿನಲ್ಲಿ ಸಿದ್ಧಪಡಿಸುತ್ತಿದ್ದರು.

"ಅರಬ್ಬಿ ಬರೂದೇನ್ ಬ್ಯಾಡ್ರಿ. ತಾರೀಖು ಒಂದಕ್ಕೊಂದು ಕೂಡ್ತಾವೋ ಇಲ್ಲೋ ನೋಡಿ ಕೊಟ್ರ ಸಾಕು. ಮನ್ಯಾಗ ಕುಂತು ನಮ್ಮ ತಂಗಿ ತಲಿ ತಿನ್ನೂದಕ್ಕಿಂತ ಚಲೋ."

"ತಿಂದು ಮುಗಿಸಿದಾರೆ. ಕರ್ಕೊಂಡು ಹೋಗಿ ಭಾಯ್," ಎಂದರು ಛಾಯಾ ಒಳಗಿನಿಂದ.

ಪ್ರವಾದಿಯವರನ್ನು ಕಂಡವರು ಮೊದಲ ತಲೆಮಾರು, ಅವರಿಂದ ಕಲಿತವರು ಎರಡನೆಯದು, ಇವರ ಶಿಷ್ಯರು ಮೂರನೆಯದು. ಪ್ರವಾದಿಯವರ ಮಾತು ಮತ್ತು ನಡೆಗಳ ಒಂದೊಂದು ವರದಿಯ ಮುಂದೆಯೂ ಅದನ್ನು ಯಾರು ಯಾರಿಂದ ಕೇಳಿದರೆಂಬ ಹೆಸರುಗಳ ಸರಪಳಿ ಇರುತ್ತದೆ. ಸರಪಳಿಯ ಪ್ರತಿಯೊಬ್ಬರನ್ನೂ ಮುಂದಿನ ವಿದ್ವಾಂಸರು ವಿಚಾರಣೆಗೆ ನಿಲ್ಲಿಸಿದರು. ಯಾವ ಊರು? ತೀರಿಕೊಂಡದ್ದು ಯಾವ ವರ್ಷ? ಇವರು ಅವರನ್ನು ಕಂಡಿರಲು ಸಾಧ್ಯವೇ? ನೆನಪು ಎಂಥದು? ಸಂತನಂಥವನಾದರೂ ನೆನಪು ಕೆಟ್ಟಿದ್ದರೆ ಮುಲಾಜಿಲ್ಲ.

ಪದ್ಮನಾಭನವರು ಬೆಪ್ಪಾದರು. ತಮ್ಮ ಕಸುಬು ಹೆನ್ರಿ ಫೋರ್ಡರ ಊರಿನಲ್ಲಿ ಹುಟ್ಟಿದ್ದೆಂದು ಅವರು ಅಲ್ಲಿಯವರೆಗೆ ನಂಬಿದ್ದರು.

"ಮೇಷ್ಟ್ರೇ, ಇದು ಯಾವ ಪೀಸ್ ಎಲ್ಲಿಂದ ಬಂತು ಅಂತ ಲಾಟ್ ನಂಬರ್ ಟ್ರೇಸ್ ಮಾಡೋದೇ ಅಲ್ವಾ! ಸಾವಿರದ ಇನ್ನೂರು ವರ್ಷದ ಹಿಂದೆ, ಕಂಪ್ಯೂಟರ್ ಇಲ್ದೆ?"

ಇನ್ನೂ ಬೆರಗಾಗಿಸಿದ್ದು ಆ ಪಟ್ಟಿಯಲ್ಲಿದ್ದ ಜನ. ಬಿಡುಗಡೆಗೊಂಡ ಗುಲಾಮ ನಾಫಿಯವರು ತಮ್ಮ ಹಳೆಯ ಒಡೆಯ, ಪ್ರವಾದಿಯವರ ಒಡನಾಡಿ ಇಬ್ನ್ ಉಮರರಿಂದ ಕೇಳಿ ಹೇಳಿದ್ದು ಅತ್ಯಂತ ಗಟ್ಟಿ ಸರಪಳಿಗಳಲ್ಲೊಂದು. ಪ್ರವಾದಿಯವರ ಪತ್ನಿ ಆಯಿಷಾರ ಆಶ್ರಯದಲ್ಲಿ ಬೆಳೆದ ಮದೀನಾದ ಅಮ್ರಾ ಎಂಬಾಕೆ ಹೇಳಿದ್ದನ್ನೆಲ್ಲ ಬರೆದಿಡುವಂತೆ, ವಿದ್ಯೆ ಅಳಿದೀತೆಂಬ ಭಯದಿಂದ, ಸ್ವತಃ ಖಲೀಫರೇ ಪತ್ರ ಬರೆದಿದ್ದರು.

ಮಾರ್ಚಿನಲ್ಲಿ ಕೂಫಾ ನಗರದ ಅತಾ ಬಿನ್ ಸಾಯಿಬರ ಸರದಿ ಬಂತು. ಮುಪ್ಪಿನಲ್ಲಿ ಅವರ ನೆನಪು ಕಲಸಿಹೋಗಿತ್ತೆಂದು ಟಿಪ್ಪಣಿಯಿತ್ತು. ಪದ್ಮನಾಭನವರು ಆ ಹೆಸರಿಗೂ ಅದರ ಕೆಳಗಿನ ಎಲ್ಲ ಶಿಷ್ಯರಿಗೂ ಒಂದೇ ಉಸಿರಿನಲ್ಲಿ ಕೆಂಪು ಗೆರೆ ಎಳೆದರು.

"ಅಯ್ಯಯ್ಯೋ, ಏನ್ ಮಾಡಿದ್ರಿ ಇದು?" ಎಂದು ಜಮಾದಾರರು ಹಾಳೆ ಕಸಿದುಕೊಂಡರು.

"ಒಂದು ಪೀಸ್ ಕೆಟ್ಟಿದ್ರೆ ನಾವು ಇಡೀ ಲಾಟ್ ಸ್ಕ್ರ್ಯಾಪ್ ಮಾಡ್ತೀವಿ."

"ಮನಷ್ಯಾ ಏನ್ ಬ್ರೇಕ್ ಪ್ಯಾಡೇನ್ರಿ? ಶುಬಾ, ಸುಫ್ಯಾನ್ ಸೌರಿ ಇವ್ರೆಲ್ಲ ಅತಾರ ನೆನಪು ಚಲೋ ಇದ್ದಾಗ ಕೇಳಿದವ್ರು. ಅವ್ರದು ಒಪ್ಪ್ಯಾರ. ಆಮ್ಯಾಲ ಕೇಳಿದವ್ರದು ಒಪ್ಪಿಲ್ಲ. ಯಾವಾಗ ಕೇಳಿದ್ರು ಅನ್ನೂದು ನೋಡಬೇಕ್ರಿ! ಒಬ್ಬನ ಇಡೀ ಜನ್ಮ ಹಿಂಗ ಕಸಕ್ಕ ಒಗೀತಾರೇನು?"

ಏಪ್ರಿಲಿನಲ್ಲಿ ಆನ್ ಆರ್ಬರಿನ ವೈದ್ಯಕೀಯ ಉಪಕರಣಗಳ ಸಣ್ಣ ಕಾರ್ಖಾನೆಯೊಂದು ತಪಾಸಕರ ಕೆಲಸಕ್ಕೆ ಅವರನ್ನು ಸಂದರ್ಶನಕ್ಕೆ ಕರೆಯಿತು. ಅರವತ್ತೆರಡು ಅರ್ಜಿಗಳಿಗೆ ಸಿಕ್ಕ ಏಕೈಕ ಕರೆ ಅದು. ಆದರೆ ಸಂದರ್ಶನದ ಹಿಂದಿನ ದಿನ ಅಲ್ಲಿಯ ಮ್ಯಾನೇಜರ್ ಫೋನ್ ಮಾಡಿ, ಇವರ ಯಾವ ವರದಿಯನ್ನೂ ನಂಬಲಾಗದೆಂದು ಹಳೆಯ ಕಂಪನಿ ತಿಳಿಸಿದೆ, ಏನು ಹೇಳುತ್ತೀರಿ ಎಂದು ಕೇಳಿದಳು.

ನಾಳೆ ಬಂದು ಹೇಳುತ್ತೇನೆಂದು ಪದ್ಮನಾಭನವರು ಫೋನ್ ಇಟ್ಟರು. ಯಾವ ವರದಿಯನ್ನೂ! ಹತ್ತೊಂಬತ್ತು ವರ್ಷ ಏಳು ತಿಂಗಳಲ್ಲಿ ಒಂದನ್ನೂ! ತಮ್ಮ ಸ್ವಂತ ಡೈರಿಗಳನ್ನೂ ವರದಿಗಳ ನಕಲುಗಳನ್ನೂ ತೆಗೆದು, ಸುಳ್ಳನ್ನು ಬಯಲು ಮಾಡಲೆಂದು ಕೂತರು. ಎರಡು ಗಂಟೆಗಳ ನಂತರ ಅವರಿಗೆ ಮತ್ತೊಂದು ಆಘಾತ ಕಾದಿತ್ತು. 2008ರ ಅಕ್ಟೋಬರ್ ಮೂರರಂದು ಇಬ್ಬರು ಸಹೋದ್ಯೋಗಿಗಳನ್ನು ತೆಗೆದು, ಮೂವರ ಕೆಲಸವನ್ನು ಕಂಪನಿ ಇವರೊಬ್ಬರ ಹೆಗಲಿಗೆ ಹೇರಿತ್ತು. ಅನಂತರದ ಎರಡು ದಿನಾಂಕಗಳಲ್ಲಿ ಡೈರಿಯ ಪ್ರಕಾರ ಅವರು ತಮ್ಮ ಮೇಜಿನ ಮುಂದೆಯೇ ಇದ್ದರು. ವರದಿಯ ನಕಲಿನಲ್ಲಿ ಮಾತ್ರ, ಟೊಲಿಡೊ ನಗರದ ಘಟಕಕ್ಕೆ ಹೋಗಿ ಕಣ್ಣಾರೆ ಕಂಡೆನೆಂದು ಬರೆದು ಸಹಿ ಹಾಕಿದ್ದರು. ನಿಜಕ್ಕೂ ಅಲ್ಲಿಯ ವಿವರ ಕೇಳಿದ್ದು ಫೋನಿನಲ್ಲಿ.

"ಎಲ್ರೂ ಹಂಗೇ ಮಾಡ್ತಿದ್ರು ಅಂದಿದ್ರಲ್ಲ ನೀವೇ," ಎಂದರು ಛಾಯಾ. "ಸುಮ್ನಿರಿ. ಅವ್ಳಿಗೆ ಹೇಗ್ ಗೊತ್ತಾಗತ್ತೆ?"

"ಮಾಡ್ತಿದ್ರು. ನಾನು ಮಾಡಿಲ್ಲ ಅಂದ್ಕೊಂಡಿದ್ನಲ್ಲೇ! ಮರ್ತೇ ಹೋಗಿತ್ತು ನಂಗೆ."

ಮರುದಿನ ಅವರು ಒಂದೇ ಹಾಳೆಯನ್ನು ಮ್ಯಾನೇಜರ್ ಮುಂದಿಟ್ಟರು. ಅಕ್ಟೋಬರ್ ಮೂರರವರೆಗಿನ ನಾನೂರ ಹನ್ನೆರಡು ವರದಿಗಳು, ಎಲ್ಲವೂ ಸ್ಥಳದಲ್ಲಿ ನಿಂತು ಕಂಡವು. ಅನಂತರದವು ಹನ್ನೊಂದು, ಅವುಗಳಲ್ಲಿ ಒಂಬತ್ತು ಕಂಡದ್ದು, ಎರಡು ಕೇಳಿದ್ದು. ಆ ಎರಡರ ಸಂಖ್ಯೆಗಳನ್ನೂ ಬರೆದಿದ್ದರು. ಅವು ಸುಳ್ಳು ಸಹಿ, ಉಳಿದವನ್ನು ಬೇಕಾದರೆ ಪರೀಕ್ಷಿಸಿ ಎಂದರು.

ಆಕೆ ಎರಡು ಸಲ ಓದಿದಳು. ತಪಾಸಕರ ಹುದ್ದೆಯನ್ನು ಕೊಡಲಾರೆ ಎಂದಳು. ಹೊರಗಿನಿಂದ ಬರುವ ಸಾಮಾನನ್ನು ಕೈಯಾರೆ ಅಳೆದು ನೋಡುವ ಕೆಲಸ ಖಾಲಿಯಿದೆ. ಒಂದು ವರ್ಷ ಯಾವ ಕಾಗದಕ್ಕೂ ಸಹಿ ಹಾಕುವ ಅಧಿಕಾರ ಇರುವುದಿಲ್ಲ, ಒಪ್ಪಿಗೆಯೇ ಎಂದು ಕೇಳಿದಳು. ಐವತ್ತನಾಲ್ಕು ವರ್ಷದ ಪದ್ಮನಾಭನವರು ಒಪ್ಪಿದರು. ಮೂವರ ಕೆಲಸವನ್ನು ಒಬ್ಬನಿಂದ ಹಿಂಡಿದ ಕಂಪನಿಯನ್ನು ಮಾತ್ರ ಇಂದಿನವರೆಗೂ ಯಾರೂ ಏನನ್ನೂ ಕೇಳಿಲ್ಲ.

"ಒಂದು ವರ್ಷ ಸಹಿ ಹಾಕೋ ಹಾಗಿಲ್ಲ," ಎಂದರು ಮನೆಗೆ ಬಂದು.

"ಕೆಲಸ ಸಿಕ್ತು ತಾನೆ?"

"ಸಿಕ್ತು."

"ಸರಿ, ಎಷ್ಟು ಗಂಟೆಗೆ ಹೊರಡ್ಬೇಕು ಹೇಳಿ. ಡಬ್ಬಿ ಕಟ್ಬೇಕಲ್ಲ."